ಸಂಜೆ ಮಾತ್ರ ಹೋಗುವ ನೆಟ್

"ಮೇವು ಮುಟ್ಟಿ ಎಷ್ಟ್ ದಿನ ಆತ್ರಿ?"

ಬಾಗಿಲು ತೆರೆದ ಹೆಂಗಸು ಕೇಳಿದ ಮೊದಲ ಮಾತೇ ಅದು. ಉಲ್ಲಾಸ ಹೆಗಲ ಚೀಲ ಸರಿಮಾಡಿಕೊಂಡು ಒಂದು ಕ್ಷಣ ಯೋಚಿಸಿದ.

"ಬೆಳಿಗ್ಗೆ ಇಡ್ಲಿ ತಿಂದಿದ್ದೆ ಮೇಡಂ."

ಅವಳು ಹುಬ್ಬೇರಿಸಿದಳು. ಆಗಷ್ಟೇ ಅವನ ಚೀಲದಿಂದ ಇಣುಕುತ್ತಿದ್ದ ಕೇಬಲ್ ಸುರುಳಿ ಕಣ್ಣಿಗೆ ಬಿತ್ತು. ನಗು ತಡೆಯಲು ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣುಗಳು ಮಾತ್ರ ನಕ್ಕೇಬಿಟ್ಟವು.

"ಅಯ್ಯ, ನೀವು ನೆಟ್ಟಿನವ್ರೇನು! ನಾ ಎಮ್ಮಿ ಕಡೆಯವ್ರು ಅಂತ ತಿಳ್ಕೊಂಡೆ. ಬರ್ರಿ, ಒಳಗ ಬರ್ರಿ."

ವಾಣಿಶ್ರೀ ಸಿದ್ದಾಪುರದ ಪಶು ಆಸ್ಪತ್ರೆಯಲ್ಲಿ ದನಕರು ನೋಡುವ ಪರೀಕ್ಷಕಿ. ಬನವಾಸಿ ಕಡೆಯ ಹಳ್ಳಿಯವಳು. ಪಾರ್ವತವ್ವನ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ಬೆಳಿಗ್ಗೆ ಆಸ್ಪತ್ರೆ ತೆರೆಯುವ ಮೊದಲೇ ದನ ಕಟ್ಟಿದವರು ಅವಳ ಬಾಗಿಲು ಬಡಿಯುತ್ತಿದ್ದರು. ಬೇರೆ ಯಾರೂ ಬಡಿಯುತ್ತಿರಲಿಲ್ಲ.

"ಹಗಲೆಲ್ಲ ಛಲೋ ಇರ್ತೈತ್ರಿ," ಎಂದಳು. "ಸಂಜಿ ಆತಂದ್ರ ಶುರು. ಪೂರ್ತಿ ಹೋದ್ರ ಬ್ಯಾರೆ ಮಾತು. ಬರೂದು ಹೋಗೂದು, ಬರೂದು ಹೋಗೂದು. ಚಿತ್ರ ಅರ್ಧಕ್ಕ ನಿಂತ್ ಬಿಡ್ತೈತಿ."

"ಮೊಬೈಲ್ ಡಾಟಾ?"

"ಈ ತಗ್ಗಿನಾಗ ಒಂದು ಕಡ್ಡಿ ಸಿಗ್ನಲ್ ಬಂದ್ರ ಹಬ್ಬ."

ಉಲ್ಲಾಸ ನೆಟ್ಟಿನ ಬಾಕ್ಸನ್ನು ಆರಿಸಿ ಹಚ್ಚಿ ನೋಡಿದ. ಹಸಿರು ದೀಪ ಅಲುಗಾಡದೆ ಉರಿಯುತ್ತಿತ್ತು. ಮೀಟರ್ ಹಚ್ಚಿದ, ಲೈನು ಚೊಕ್ಕ. ಸಂಜೆ ಎಲ್ಲರೂ ಮೋಟಾರು, ಗೀಸರು ಹಾಕುವ ಹೊತ್ತು, ವೋಲ್ಟೇಜ್ ಇಳಿದು ಹೀಗಾಗುತ್ತಿರಬಹುದು ಎಂದುಕೊಂಡು ಅಡಾಪ್ಟರ್ ಬದಲಿಸಿದ.

"ಪಾಸ್‌ವರ್ಡ್ ಎಂತ ಮೇಡಂ?"

"ಅದನ್ನ ಹೇಳಾಕ ಬರೂದಿಲ್ಲ. ನಾನ ಒತ್ತತೀನಿ, ಆ ಕಡೆ ತಿರುಗ್ರಿ."

ಅವನು ವಿಧೇಯ ಹುಡುಗನ ಹಾಗೆ ಗೋಡೆಯ ಕಡೆ ಮುಖ ಮಾಡಿ ನಿಂತ. ಹಿಂದೆ ಅವಳ ಬಳೆ ಸಣ್ಣಗೆ ಸದ್ದು ಮಾಡಿತು. ಅಷ್ಟು ಹತ್ತಿರದಲ್ಲಿ ಬಳೆ ಸದ್ದು ಕೇಳಿ ಎಷ್ಟೋ ಕಾಲವಾಗಿತ್ತು.

ಉಲ್ಲಾಸನಿಗೆ ಮೂವತ್ತೆಂಟು. ಊರಿನ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಲೈನ್ ಕೆಲಸ. ಸಿದ್ದಾಪುರದ ಅರ್ಧ ಮನೆಗಳ ಒಳಗೆ ಅವನು ಹೋಗಿಬಂದಿದ್ದ. ಯಾರ ಟಿವಿ ಹಿಂದೆ ಜೇಡರ ಬಲೆ ಇದೆ, ಯಾವ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಕೂತು ಬೇರೆ ಬೇರೆ ಧಾರಾವಾಹಿ ನೋಡುತ್ತಾರೆ, ಎಲ್ಲ ಗೊತ್ತು. ಬಾಗಿಲಲ್ಲಿ ಎಲ್ಲರೂ ಬನ್ನಿ ಬನ್ನಿ ಎನ್ನುವವರೇ. ನೆಟ್ ಬಂದ ಕೂಡಲೇ ಎಲ್ಲರ ಮುಖ ಮೊಬೈಲಿಗೆ ಇಳಿಯುತ್ತಿತ್ತು. ಅವನು ಚಪ್ಪಲಿ ಮೆಟ್ಟಿ ಹೊರಟದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಅವನ ತಾಯಿ ಗಂಗೆ ಹಳ್ಳಿಯಲ್ಲಿ ಅಣ್ಣನ ಜೊತೆಗಿದ್ದಳು. ಇವನಿಗೆ ಪೇಟೆಯಲ್ಲಿ ಟೈಲರ್ ಅಂಗಡಿಯ ಮೇಲೊಂದು ರೂಮು. ನೋಡಿದ ಹೆಣ್ಣುಗಳ ಕಡೆಯಿಂದ ಉತ್ತರ ಬರುತ್ತಿರಲಿಲ್ಲ. ಕೊನೆಗೆ ನೋಡುವುದನ್ನೇ ಬಿಟ್ಟಿದ್ದರು. ಕೆಳಗೆ ಹೊಲಿಗೆ ಮಿಷಿನ್ ನಿಂತ ಮೇಲೆ ಆ ರೂಮಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ.

ವಾಣಿಶ್ರೀ ಮಾತ್ರ ಅವನು ಹೊರಟಾಗ ಮೆಟ್ಟಿಲ ತನಕ ಬಂದಳು. "ಚಾ ಕುಡಿಯದ ಹೊಂಟ್ರಲ್ಲ. ಇಡ್ಲಿ ಮ್ಯಾಲ ಎಷ್ಟು ಹೊತ್ತು ಇರ್ತೀರಿ?" ಎಂದಳು. ಅವನು ನಿಂತು ಚಾ ಕುಡಿದ.

ನಾಲ್ಕು ದಿನದಲ್ಲಿ ಮತ್ತೆ ದೂರು ಬಂತು. ಆಫೀಸಿನಲ್ಲಿ ಫೋನ್ ಎತ್ತುವ ದಿವ್ಯಾ ಕಣ್ಣು ಮಿಟುಕಿಸಿದಳು. "ಉಲ್ಲಾಸಣ್ಣ, ನಿಮ್ಮ ಎಮ್ಮೆ ಡಾಕ್ಟರು. ನಿಮ್ಮನ್ನೇ ಕಳಿಸ್ಬೇಕಂತೆ."

ಈ ಸಲ ಅವನು ಕಬ್ಬಿಣದ ಬೀರುವಿನ ಹಿಂದಿದ್ದ ಬಾಕ್ಸನ್ನು ಮೇಜಿನ ಮೇಲೆ ತಂದಿಟ್ಟ. "ಬೀರು ವೈಫೈ ತಡೀತದೆ ಮೇಡಂ," ಎಂದ. ಆದರೆ ಅವನಿಗೇ ನಂಬಿಕೆ ಇರಲಿಲ್ಲ. ಬೀರು ಹಗಲೂ ಅಲ್ಲೇ ಇರುತ್ತದಲ್ಲ! "ಸಂಜೆ ಹೊತ್ತಿಗೇ ಬಂದು ನೋಡಿದ್ರೆ ಗೊತ್ತಾಗ್ತಿತ್ತು."

"ಸಂಜೀಕ ಬ್ಯಾಡ್ರಿ."

ಮಾತು ಚಾಕುವಿನ ಹಾಗೆ ಬಂತು. ಒಂಟಿ ಹೆಂಗಸಿನ ಮೆಟ್ಟಿಲನ್ನು ಕತ್ತಲಾಗುವ ಹೊತ್ತಿಗೆ ಗಂಡಸೊಬ್ಬ ಹತ್ತಿದರೆ ಬೀದಿ ಏನು ಮಾತಾಡುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಅವಳೇ ಮೆತ್ತಗಾಗಿ, ಅವನ ಲೋಟಕ್ಕೆ ಇನ್ನಷ್ಟು ಚಾ ಸುರಿದಳು. ಆವತ್ತು ಕೊಟ್ಟಿಗೆಯೊಂದರಲ್ಲಿ ಕರು ತನ್ನ ಸ್ಕಾರ್ಫ್ ತಿಂದದ್ದನ್ನು ಹೇಳಿ ನಗಿಸಿದಳು. ಅವನು ಹೊರಟಾಗ ಸೂರ್ಯ ಇನ್ನೂ ಮೇಲಿದ್ದ. ಇಡೀ ದಾರಿ ಅವನ ಮುಖದಲ್ಲಿ ಆ ನಗು ಉಳಿದಿತ್ತು.

ಮೂರನೇ ದೂರಿಗೆ ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದ. ಆಫೀಸಿನವರ ತಮಾಷೆ ತಲೆಗೇರಿತ್ತು. ಲೈನು ಮತ್ತೆ ಚೊಕ್ಕವೇ ಇತ್ತು. ಅವನು ಮೀಟರನ್ನು ಚೀಲಕ್ಕೆ ಹಾಕುತ್ತ, ಮಾತು ಹಗುರಾಗಿರಲಿ ಎಂದು ನಕ್ಕ.

"ಎಂತದೂ ತೊಂದ್ರೆ ಇಲ್ಲ ಮೇಡಂ. ಒಬ್ರೇ ಇದ್ದು ಬೇಜಾರಾದ್ರೆ ಸುಮ್ನೆ ಫೋನ್ ಮಾಡಿದ್ರೂ ನಾನು ಬರ್ತೆ. ಅದಕ್ಕೆ ಕಂಪ್ಲೇಂಟ್ ಯಾಕೆ?"

ವಾಣಿಶ್ರೀ ಚಾದ ಪಾತ್ರೆ ಒಲೆಯ ಮೇಲಿಡುವವಳಿದ್ದಳು. ಅದನ್ನು ಕೈಯಲ್ಲೇ ಹಿಡಿದು ನಿಂತಳು. ಮುಖದ ಬಣ್ಣ ಇಳಿಯಿತು.

"ನಾ ಸುಳ್ಳು ಹೇಳಿ ನಿಮ್ಮನ್ನ ಕರಸ್ತೀನಿ ಅಂತ ಮಾಡೀರೇನು?"

"ಹಂಗಲ್ಲ ಮೇಡಂ, ತಮಾಷೆಗೆ..."

"ಹೋಗ್ರಿ. ಇನ್ಮ್ಯಾಲ ನಾ ಕರಿಯೂದಿಲ್ಲ."

ಅವಳು ಕರೆಯಲೂ ಇಲ್ಲ. ಹದಿನೈದು ದಿನ ಕಳೆಯಿತು. ಆಫೀಸಿನ ಫೋನ್ ರಿಂಗಾದಾಗಲೆಲ್ಲ ಉಲ್ಲಾಸ ತಲೆ ಎತ್ತುತ್ತಿದ್ದ, ದಿವ್ಯಾ ಬೇರೆ ಯಾರದೋ ಹೆಸರು ಹೇಳುತ್ತಿದ್ದಳು. ರಾತ್ರಿ ಅನ್ನಕ್ಕೆ ಕೈ ಹಾಕಿದರೆ ಅವಳು ಪಾತ್ರೆ ಹಿಡಿದು ನಿಂತ ರೀತಿಯೇ ಕಣ್ಣೆದುರು ಬರುತ್ತಿತ್ತು.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಒಂದು ಸಂಜೆ ಲೈನ್ ಕೆಲಸ ಮುಗಿಸಿ, ಮೊಬೈಲ್ ಸಿಗ್ನಲ್ ಸಿಗುವ ನೀರಿನ ಟ್ಯಾಂಕಿನ ಏರಿನಲ್ಲಿ ಬೈಕ್ ಮೇಲೆ ಬರುತ್ತಿದ್ದ. ಬೀದಿದೀಪದ ಕೆಳಗೆ, ಮೋರಿಕಟ್ಟೆಯ ಮೇಲೆ ಮೊಬೈಲ್ ಒರಗಿಸಿಟ್ಟು ಅದರ ಮುಂದೆ ವಾಣಿಶ್ರೀ ನಿಂತಿದ್ದಳು. ಅವಳ ಎರಡೂ ಕೈ ಗಾಳಿಯಲ್ಲಿ ಓಡುತ್ತಿದ್ದವು. ಬೆರಳು ಹಣೆಗೆ ಹೋಯಿತು, ಎದೆಗೆ ಬಂತು, ಅಂಗೈ ಅಗಲವಾಯಿತು. ಸದ್ದೇ ಇರಲಿಲ್ಲ. ಎದುರಿನ ಚಾ ಅಂಗಡಿಯಲ್ಲಿ ಕೂತಿದ್ದ ಮೂರ್ನಾಲ್ಕು ಮಂದಿ ಅವಳನ್ನೇ ನೋಡಿ ನಗುತ್ತಿದ್ದರು.

"ಎಂತ, ಮೇಡಂ ಡ್ಯಾನ್ಸ್ ಕಲೀತಿದಾರನ?" ಎಂದನೊಬ್ಬ.

ಉಲ್ಲಾಸನಿಗೆ ಮೊಬೈಲಿನ ಪರದೆ ಕಂಡಿತು. ಅಲ್ಲೊಬ್ಬ ಯುವಕ. ಅವನ ಕೈಗಳೂ ಹಾಗೆಯೇ ಓಡುತ್ತಿದ್ದವು.

ಉಲ್ಲಾಸ ಬ್ರೇಕ್ ಹಾಕಿದ. ಕಿವಿ ಕೇಳದವರ ಜೊತೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ. ಚಿತ್ರ ನಿಂತರೆ ಮಾತೇ ನಿಂತಂತೆ. ಪ್ರತಿ ಸಂಜೆ ಅವಳ ಮನೆಯಲ್ಲಿ ನಿಲ್ಲುತ್ತಿದ್ದುದು ಅದು. ಅದನ್ನು ತಾನು ಬೇಜಾರು ಕಳೆಯುವ ನೆಪ ಅಂದಿದ್ದ.

ಅವನು ಚಾ ಅಂಗಡಿಗೂ ಅವಳಿಗೂ ನಡುವೆ ಬೈಕ್ ಅಡ್ಡ ನಿಲ್ಲಿಸಿದ. ಅವಳಿಗೆ ಬೆನ್ನು ಮಾಡಿ, ಅಂಗಡಿಯವರ ಕಡೆ ಮುಖ ಮಾಡಿ ನಿಂತ. ನಗು ಒಂದೊಂದಾಗಿ ಆರಿತು. ಅವಳ ಮಾತು ಮುಗಿದು ಹೆಜ್ಜೆ ಸದ್ದು ದೂರವಾದ ಮೇಲೆಯೇ ಬೈಕ್ ಹತ್ತಿದ.

ಮರುದಿನ ಅವನು ಮೊದಲು ಹೋದದ್ದು ಪಾರ್ವತವ್ವನ ಹತ್ತಿರ. "ಅವ್ವ, ಇವತ್ತು ಸಂಜೆ ನೀವು ಮೇಲೆ ಬಂದು ಕೂರ್ಬೇಕು. ಲೈನ್ ಸಂಜೆಯೇ ನೋಡ್ಬೇಕು," ಎಂದ. ಮುದುಕಿ ಅವನನ್ನು ಮೇಲಿಂದ ಕೆಳಗೆ ಅಳೆದು, ಬುಟ್ಟಿ ತುಂಬ ಬೆಳ್ಳುಳ್ಳಿ ಹಿಡಿದುಕೊಂಡು ಮೇಲೆ ಬಂದಳು.

ಬಾಗಿಲು ತೆರೆದ ವಾಣಿಶ್ರೀ ನಗಲಿಲ್ಲ.

"ಆವತ್ತು ಆಡಿದ ಮಾತು ತಪ್ಪು," ಎಂದ ಉಲ್ಲಾಸ. "ಕ್ಷಮಿಸಿ ಅಂತ ಕೇಳೋಕೆ ಮುಖ ಇಲ್ಲ. ಲೈನ್ ಸರಿ ಮಾಡಿ ಹೋಗ್ತೆ."

"ಕೆಲಸ ನೋಡ್ರಿ," ಎಂದಳು.

ಮೂವರೂ ಬಾಕ್ಸಿನ ಎದುರು ಕೂತರು. ಹಸಿರು ದೀಪ ಉರಿಯುತ್ತಿತ್ತು. ಪಾರ್ವತವ್ವ ಬೆಳ್ಳುಳ್ಳಿ ಸುಲಿದಳು. ಹೊರಗೆ ಬೆಳಕು ಇಳಿಯಿತು, ದೀಪ ಉರಿಯುತ್ತಲೇ ಇತ್ತು. ಉಲ್ಲಾಸ ಮತ್ತೆ ಮತ್ತೆ ಗಡಿಯಾರ ನೋಡಿದ. ಇವತ್ತೂ ಕೆಡದಿದ್ದರೆ?

"ಸೊಳ್ಳಿ ಬರಾಕ ಹತ್ಯಾವ. ಕಿಟಕಿ ಹಾಕವಾ," ಎಂದಳು ಪಾರ್ವತವ್ವ.

ವಾಣಿಶ್ರೀ ಎದ್ದು ಪಡುವಣ ಕಿಟಕಿಯನ್ನು ಎಳೆದಳು. ಮರ ಉಬ್ಬಿತ್ತು. ಭುಜ ಕೊಟ್ಟು ನೂಕಿ ಚಿಲಕ ಜಡಿದಳು.

ಹಸಿರು ದೀಪ ಮಿಣುಕಿ ಆರಿತು.

"ಮೇಡಂ, ತೆಗೀರಿ!"

ತೆಗೆದಳು. ಸ್ವಲ್ಪ ಹೊತ್ತಿಗೆ ದೀಪ ಹತ್ತಿತು.

"ಮತ್ತೆ ಹಾಕಿ."

ಹಾಕಿದಳು. ಆರಿತು, ಹತ್ತಿತು, ಮತ್ತೆ ಆರಿತು.

ಉಲ್ಲಾಸ ಓಡಿ ಹೋಗಿ ಚೌಕಟ್ಟಿನ ಮೂಲೆಗೆ ಟಾರ್ಚ್ ಬಿಟ್ಟ. ಹಿಂದಿನ ಬಾಡಿಗೆದಾರನ ಕಾಲದಲ್ಲಿ ಎಳೆದ ಕೇಬಲ್ ಕಿಟಕಿಯ ಸಂದಿಯಿಂದಲೇ ಒಳಗೆ ಬಂದಿತ್ತು. ಕಿಟಕಿ ಮುಚ್ಚಿದಾಗಲೆಲ್ಲ ಅದು ಚಪ್ಪಟೆಯಾಗಿ ಮುದುಡುತ್ತಿತ್ತು. ಹಗಲು ಬಂದಾಗಲೆಲ್ಲ ಕಿಟಕಿ ತೆರೆದಿರುತ್ತಿತ್ತು, ಅವನ ಮೀಟರಿಗೆ ಏನೂ ಕಾಣುತ್ತಿರಲಿಲ್ಲ.

"ಇದರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ," ಎಂದು ಅವನು ಬೆರಳಲ್ಲಿ ತೋರಿಸಿದ. "ಅದರಲ್ಲಿ ಬೆಳಕು ಓಡ್ತದೆ. ಮಡಿಸಿದ್ರೆ ಬೆಳಕು ಅಲ್ಲೇ ಸೋರಿ ಹೋಗ್ತದೆ. ನೀವು ಹೇಳಿದ್ದು ಅಷ್ಟೂ ಖರೆ ಮೇಡಂ."

ವಾಣಿಶ್ರೀ ಕಿಟಕಿಯ ಸರಳು ಹಿಡಿದು ನಿಂತಿದ್ದಳು. "ನಾನ ದಿನಾ ನನ್ನ ಕೈಯಾರೆ ಬಂದ್ ಮಾಡ್ತಿದ್ದೆ," ಎಂದಳು, ಯಾರಿಗೂ ಅಲ್ಲದ ದನಿಯಲ್ಲಿ. "ತಮ್ಮ ಪವನ ಆ ಕಡೆ ಕುಂತು ಅಕ್ಕಗ ಏನೋ ಆತು ಅಂತ ಒದ್ದಾಡ್ತಿದ್ದ."

"ಆವಾಗ ತೂತು ಹೊಡೀತೀವಿ ಅಂದ್ರು, ನಾನ ಬ್ಯಾಡ ಅಂದಿದ್ದೆ," ಎಂದಳು ಪಾರ್ವತವ್ವ. ಬೆಳ್ಳುಳ್ಳಿ ಬುಟ್ಟಿ ಪಕ್ಕಕ್ಕಿಟ್ಟಳು. "ಗ್ವಾಡಿ ಹೋದ್ರ ಹೋಗ್ಲಿ. ಹೊಡಿಯಪಾ ನೀ."

ಮರುದಿನ ಅವನು ಡ್ರಿಲ್ ತಂದು ಗೋಡೆ ಕೊರೆದು, ಹೊಸ ಕೇಬಲ್ ಎಳೆದು, ಸುತ್ತ ಸಿಮೆಂಟು ಮೆತ್ತಿದ. ಕಿಟಕಿ ಮುಚ್ಚಿದರೂ ದೀಪ ಅಲುಗಲಿಲ್ಲ. ಆ ಸಂಜೆ ಪರದೆಯ ಮೇಲೆ ಪವನ್‌ನ ಮುಖ ಒಡೆಯದೆ, ನಿಲ್ಲದೆ ಮೂಡಿತು. ಹಾವೇರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವ ತಮ್ಮ. ಹುಟ್ಟಿನಿಂದ ಕಿವಿ ಕೇಳದು. ಅವನು ಉಲ್ಲಾಸನನ್ನು ಕಂಡು ಅಕ್ಕನಿಗೆ ಏನೋ ಸನ್ನೆ ಮಾಡಿದ. ವಾಣಿಶ್ರೀ ತಟ್ಟನೆ ನಕ್ಕು, ಬೆರಳಾಡಿಸಿ ಅವನನ್ನು ಗದರಿದಳು.

"ಎಂತ ಹೇಳಿದ್ರು?"

"ಏನಿಲ್ರಿ."

"ಅಷ್ಟು ದೊಡ್ಡ ಸನ್ನೆಗೆ ಏನೂ ಇಲ್ವಾ?"

"ಇಲ್ಲ ಅಂದ್ನೆಲ್ಲ," ಎಂದು ಅವಳು ಒಳಗೆ ಹೋದಳು. ಬಹಳ ಹೊತ್ತಿಗೆ ಚಾ ಬಂತು. ಕೊಡುವಾಗ ನೆಲ ನೋಡುತ್ತ ಹೇಳಿದಳು: "ಆವತ್ತು ಮೋರಿಕಟ್ಟಿ ಹತ್ರ ಬೈಕ್ ಅಡ್ಡ ಹಚ್ಚಿದ್ದು ನೋಡೀನ್ರಿ."

ಅಲ್ಲಿಗೆ ಕೆಲಸ ಮುಗಿಯಿತು.

ಸರಿಯಾದ ಲೈನಿನಿಂದ ಯಾರೂ ಫೋನ್ ಮಾಡುವುದಿಲ್ಲ. ಉಲ್ಲಾಸ ದಿನಾ ಬೆಳಿಗ್ಗೆ ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲ ಕನೆಕ್ಷನ್‌ಗಳ ನಡುವೆ ಅವಳ ಹೆಸರು ಹುಡುಕುತ್ತಿದ್ದ. ಮುಂದೆ ಹಸಿರು ಚುಕ್ಕೆ. ಗಾಳಿ ಬಂತು, ಮರ ಬಿದ್ದು ಅರ್ಧ ಊರಿನ ನೆಟ್ ಹೋಯಿತು, ಅವಳದು ಹೋಗಲಿಲ್ಲ. ತನ್ನ ಕೆಲಸ ಇಷ್ಟು ಗಟ್ಟಿಯಾದದ್ದಕ್ಕೆ ಅವನಿಗೆ ಜೀವನದಲ್ಲಿ ಮೊದಲ ಸಲ ಬೇಸರವಾಯಿತು.

ಎರಡು ಸಲ ಪೇಟೆಯಲ್ಲಿ ಸಿಕ್ಕಿದ್ದಳು.

"ನೆಟ್ ಹೆಂಗಿದೆ ಮೇಡಂ?"

"ಛಲೋ ಐತ್ರಿ."

ಅದಾದ ಮೇಲೆ ಅವಳು ಕೈಚೀಲದ ಹಿಡಿಕೆ ತಿರುವುತ್ತ ನಿಲ್ಲುವಳು. ಇವನು ಬೈಕಿನ ಕನ್ನಡಿ ಒರೆಸುವನು. ಬಸ್ಸು ಹಾರ್ನ್ ಹಾಕಿದರೆ ಇಬ್ಬರೂ ಬದಿಗೆ ಸರಿಯುವರು, ಒಬ್ಬರು ಆ ಬದಿಗೆ, ಒಬ್ಬರು ಈ ಬದಿಗೆ. ರೂಮಿಗೆ ಬಂದು ಅವನು ಎಷ್ಟೋ ಒಳ್ಳೆಯ ಮಾತು ಕಟ್ಟುತ್ತಿದ್ದ. ಕೇಳಲು ಫ್ಯಾನ್ ಮಾತ್ರ ಇತ್ತು.

ಮಾರ್ಚ್ ಕೊನೆಗೆ ದಿವ್ಯಾ ತಮಾಷೆ ಇಲ್ಲದ ಮುಖದಲ್ಲಿ ಹೇಳಿದಳು. "ಉಲ್ಲಾಸಣ್ಣ, ಪಾರ್ವತವ್ವನ ಮಹಡಿ ಕನೆಕ್ಷನ್ ಕ್ಯಾನ್ಸಲ್. ಬಾಕ್ಸ್ ವಾಪಸ್ ತರ್ಬೇಕು."

ಮನೆ ಖಾಲಿಯಾಗಿತ್ತು. ಬೀರು ಇದ್ದ ಜಾಗದಲ್ಲಿ ಗೋಡೆ ಬಿಳಿಯಾಗಿ ಉಳಿದಿತ್ತು. ಹಗ್ಗ ಕಟ್ಟಿದ ಡಬ್ಬಗಳ ನಡುವೆ ವಾಣಿಶ್ರೀ ಕೂತಿದ್ದಳು. ಕೆಳಗೆ ಪಾರ್ವತವ್ವ ಯಾರ ಹತ್ತಿರವೋ ಮಾತಾಡುತ್ತಿದ್ದುದು ಕೇಳುತ್ತಿತ್ತು.

"ಯಲ್ಲಾಪುರದ ಇಡಗುಂದಿಗೆ ವರ್ಗ ಮಾಡ್ಯಾರ್ರಿ," ಎಂದಳು. "ನಾಳೆ ಹೋಗೂದು."

"ಅಲ್ಲಿ ಕೇಬಲ್ ಇಲ್ಲ. ಪವನ್ ಜೊತೆ ಮಾತಿಗೆ ಎಂತ ಮಾಡ್ತೀರಿ?"

"ಆಸ್ಪತ್ರಿ ಬಗಲಾಗ ಟವರ್ ಐತಂತ. ಮೊಬೈಲ್ ಸಾಕು."

ಉಲ್ಲಾಸ ಬಾಕ್ಸಿನ ತಂತಿ ಬಿಚ್ಚಿದ. ಹಸಿರು ದೀಪ ಆರಿತು. ಅದನ್ನು ಚೀಲಕ್ಕೆ ಹಾಕಬೇಕಿತ್ತು. ಹಾಕಲಾಗಲಿಲ್ಲ. ಬಾಕ್ಸನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟ.

"ಮೇಡಂ, ಈ ಲೈನ್ ಒಂದು ಸಲನಾದ್ರೂ ಕೆಡಲಿ ಅಂತ ನಾನು ದಿನಾ ಬೇಡ್ಕೊಂಡೆ. ಪವನ್ ನೆನಪಾಗಿ, ಮತ್ತೆ ಕೆಡದೆ ಇರಲಿ ಅಂತಲೂ ಬೇಡ್ಕೊಂಡೆ. ನಿಮ್ಮನ್ನ ಬಿಟ್ರೆ ನಂಗೆ ಬೇರೆ ಯೋಚ್ನೆ ಇಲ್ಲ. ಹೇಳದೆ ಕಳಿಸಿದ್ರೆ ಆಮೇಲೆ ಬದುಕಿದ್ದೂ ದಂಡ, ಅದಕ್ಕೆ ಹೇಳ್ದೆ."

ವಾಣಿಶ್ರೀ ಡಬ್ಬದ ಹಗ್ಗದ ಗಂಟನ್ನು ಬಿಗಿದಳು. ಆಮೇಲೆ ಹೇಳಿದಳು.

"ನಂಗ ಒಮ್ಮೆ ಮದುವಿ ಆಗಿತ್ರಿ. ಅವ್ವ ಸತ್ತ ಮ್ಯಾಲ ಪವನನ್ನ ಮನಿಗೆ ಕರ್ಕೊಂಡು ಬಂದೆ. ಮೂಗನ್ನ ಸಾಕಾಕ ಆಗೂದಿಲ್ಲ, ಅವನರ ಇರ್ಬೇಕು, ನೀನರ ಇರ್ಬೇಕು ಅಂತ ಗಂಡನ ಮನ್ಯಾಗ ಅಂದ್ರು. ನಾ ಅವನ ಕೈ ಹಿಡ್ಕೊಂಡು ಹೊರಗ ಬಂದೆ. ಕೋರ್ಟಿನಾಗ ಎಲ್ಲಾ ಮುಗದೈತಿ. ಇವತ್ತಿಗೂ ಯಾರರ ಅವನ ಬಗ್ಗೆ ಒಂದು ಮಾತಂದ್ರ ನಾ ಅಲ್ಲಿ ನಿಲ್ಲಾಕಿ ಅಲ್ಲ."

"ನಿಲ್ಲಬೇಡಿ."

"ನಮ್ಮ ಮಂದಿ ಬ್ಯಾರೆ, ನಿಮ್ಮ ಮಂದಿ ಬ್ಯಾರೆ. ನಿಮ್ಮ ತಾಯಿ ಏನಂತಾರ?"

"ಹೇಳಿದೀನಿ. ಒಂದು ದಿನ ಊಟ ಬಿಟ್ಲು. ಮರುದಿನ, ಆ ಹುಡುಗಿಗೆ ಹಾಲು ಕರಿಯೋಕೆ ಬರ್ತದನಾ ಅಂತ ಕೇಳಿದ್ಲು."

ಅವಳ ತುಟಿ ಅಲುಗಿತು. "ನನ್ನ ಕೇಳೂಕಿಂತ ಮೊದಲ ತಾಯಿಗೆ ಹೇಳೀರಿ? ಭಾಳ ಧೈರ್ಯ ಬಿಡ್ರಿ!" ಎಂದಳು. ಕಣ್ಣು ತುಂಬಿತ್ತು. "ನಂಗ ಈಗ ಏನೂ ಹೇಳಾಕ ಆಗೂದಿಲ್ಲ. ಹೆದರಿಕಿ ಆಗತೈತಿ."

"ನಾನು ಫೋನ್ ಮಾಡ್ಬಹುದಾ? ವಿಡಿಯೋ ಕಾಲ್?"

"ಬ್ಯಾಡ್ರಿ. ಒಬ್ಬ ತಮ್ಮ ಪರದೆದಾಗ ಅದಾನಲ್ಲ, ಸಾಕು." ಎದ್ದು ಬಾಗಿಲ ಬಳಿ ನಿಂತಳು. "ಆಯ್ತವಾರ ರಜಾ ಇರ್ತೈತಲ್ಲ, ಬರ್ರಿ. ಎದುರಿಗೆ ಕುಂತು ಮಾತಾಡೂನು."

ಅವನು ಹೋದ. ಸಿದ್ದಾಪುರದಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ, ಅಲ್ಲಿಂದ ಇನ್ನೊಂದು ಬಸ್ಸು. ಬೇಸಗೆ ಮುಗಿಯುವ ತನಕ ಒಂದು ಭಾನುವಾರವೂ ಬಿಡಲಿಲ್ಲ. ಆಸ್ಪತ್ರೆಯ ಜಗುಲಿಯಲ್ಲಿ ಕೂತು ಮಾತಾಡುವುದು, ಚಾ ಕುಡಿಯುವುದು, ಕೊನೆಯ ಬಸ್ಸಿಗೆ ಹತ್ತುವುದು. ಬಸ್ಸಿನ ಕಿಟಕಿಯಿಂದ ನೋಡಿದರೆ ಖಾಲಿ ರಸ್ತೆಯಲ್ಲಿ ಅವಳು ಚಿಕ್ಕದಾಗುತ್ತ ಹೋಗುತ್ತಿದ್ದಳು. ಆರು ದಿನದ ರೂಮಿಗಿಂತ ಆ ಒಂದು ಗಳಿಗೆ ಹೆಚ್ಚು ಒಂಟಿ ಅನಿಸುತ್ತಿತ್ತು. ಆದರೂ ಅವನು ಮದುವೆಯ ಮಾತು ಎತ್ತಲಿಲ್ಲ. ಅವಳು ಹೆದರಿಕೆ ಅಂದಿದ್ದಳು.

ಮಳೆಗೆ ಮೊದಲು ಪವನ್ ರಜೆ ಹಾಕಿ ಬಂದ. ಮೂವರೂ ಹತ್ತಿರದ ಚಂದಗುಳಿ ಗುಡಿಗೆ ಹೋದರು. ದೇವಸ್ಥಾನದ ತುಂಬ ಹರಕೆಯ ಗಂಟೆಗಳು. ಯಾವುದೋ ಕುಟುಂಬದವರು ಆಗಷ್ಟೇ ಹರಕೆ ಒಪ್ಪಿಸಿ ಮಕ್ಕಳು ಮರಿ ಎಲ್ಲ ಸೇರಿ ಒಟ್ಟಿಗೆ ಬಾರಿಸತೊಡಗಿದರು. ಕಿವಿ ತುಂಬಿ ಹೋಯಿತು. ಪವನ್ ಒಂದು ದೊಡ್ಡ ಗಂಟೆಯ ಮೈಗೆ ಅಂಗೈ ಒತ್ತಿ, ಅದರ ನಡುಕ ಕೈಯೊಳಗೆ ಇಳಿಯುವುದನ್ನು ಕಣ್ಣರಳಿಸಿ ಅನುಭವಿಸುತ್ತ ನಿಂತಿದ್ದ.

ಆ ಗದ್ದಲದ ಮಧ್ಯೆ ವಾಣಿಶ್ರೀ ಉಲ್ಲಾಸನ ಕಿವಿಯ ಹತ್ತಿರ ಬಂದಳು. ಉಸಿರು ತಾಕಿತು.

"ಹೆದರಿಕಿ ಹೋತ್ರಿ. ನನ್ನ ಮದುವಿ ಆಗ್ತೀರೇನು?"

ಉಲ್ಲಾಸ ಅವಳನ್ನು ನೋಡಿದ. ಏನೋ ಹೇಳಿದ. ಗಂಟೆಗಳು ಆ ಮಾತನ್ನು ನುಂಗಿದವು.

"ಏನಂದ್ರಿ?"

ಮತ್ತೆ ಹೇಳಿದ. ಕೇಳಿಸಲಿಲ್ಲ. ಅವಳು ಕಿವಿಗೆ ಕೈ ಅಡ್ಡ ಹಿಡಿದಳು, ಮುಖದಲ್ಲಿ ಗಾಬರಿ ಮೂಡತೊಡಗಿತ್ತು.

ಆಗ ಪವನ್ ಗಂಟೆಯಿಂದ ಕೈ ತೆಗೆದ. ಪ್ರೆಸ್ಸಿನ ಮಿಷಿನ್‌ಗಳ ನಡುವೆ ವರ್ಷಗಟ್ಟಲೆ ಜನರ ತುಟಿ ಓದಿ ಬದುಕಿದವನು, ಉಲ್ಲಾಸನ ತುಟಿಯನ್ನೇ ನೋಡುತ್ತಿದ್ದ. ಅವನ ಮುಖ ಅರಳಿತು. ಅಕ್ಕನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಎರಡೂ ಕೈಯಲ್ಲಿ, ದೊಡ್ಡದಾಗಿ, ಆ ಉತ್ತರವನ್ನು ಅವಳಿಗೆ ಹೇಳಿದ.

ವಾಣಿಶ್ರೀ ಅಲ್ಲೇ ನಿಂತು ಅತ್ತಳು, ನಕ್ಕಳು. ಗಂಟೆಗಳು ಮೊಳಗುತ್ತಲೇ ಇದ್ದವು.